ವ್ಯೋಮವೀರನೂ ಬೆಳಕಿನ ವೇಗವೂ

ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿಯವರ ಚಿತ್ರಕಥೆಯಲ್ಲಿ 1966ರಲ್ಲಿ ಕಾಣಿಸಿಕೊಂಡ ‘ಸಿಲ್ವರ್ ಸರ್ಫರ್’ ಹಲಗೆಯೊಂದನ್ನೇರಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತಾನೆ. ಎರಡು ಚಿತ್ರಗಳ ನಡುವಣ ಗೆರೆಯಲ್ಲಿ ಅವನು ದಾಟುವ ದೂರವೆಷ್ಟು?

ಮೇ ತಿಂಗಳ ನಡುವೆ, ಮೋಡವಿಲ್ಲದ ರಾತ್ರಿ 11 ಗಂಟೆಗೆ ನೆರಿಯದ ಬಯಲಿನಿಂದ ದಕ್ಷಿಣಕ್ಕೆ ನೋಡಿರಿ. ಮರಗುಡ್ಡಗಳ ಮರೆಯಿಲ್ಲದಿದ್ದರೆ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಿ ಆಲ್ಫಾ ಸೆಂಟಾರಿ ಕಾಣುವುದು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ಮಿನಿಟು 20 ಸೆಕೆಂಡು ಸಾಕು. ಈ ನೆರೆಯ ತಾರೆಯ ಬೆಳಕಿಗೆ ಸುಮಾರು 4.4 ವರ್ಷ ಬೇಕು. ಐನ್‌ಸ್ಟೈನರು 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದಂತೆ ದ್ರವ್ಯರಾಶಿಯುಳ್ಳ ಯಾವ ವಸ್ತುವೂ ಬೆಳಕಿನ ವೇಗವನ್ನು ಮುಟ್ಟಲಾರದು.

ಆದುದರಿಂದ ನೀವು ಎಂಟನೆಯ ತರಗತಿಗೆ ಸೇರಿದ ತಿಂಗಳು ಹೊರಟ ವೀರನು, ಈ ನಿಯಮಕ್ಕೆ ಒಳಪಟ್ಟರೆ, 52 ಮಾಸಿಕ ಸಂಚಿಕೆಗಳು ಮುಗಿದರೂ ಅಲ್ಲಿಗೆ ತಲಪನು. ನೀವು ಆಗಲೇ ಕಾಲೇಜಿನಲ್ಲಿರುವಿರಿ. ಕಥೆಯನ್ನು ಸವಿಯಿರಿ, ಗೆರೆಯೊಳಗಿನ ಲೆಕ್ಕವನ್ನೂ ಮಾಡಿರಿ.