ಮನೆ ಅನ್ನಛತ್ರವಲ್ಲ

ಮದುವೆಯಾದ ಮೇಲೆ ಗಣಪತಿಪುಳೆಯ ಸಮುದ್ರ ನೋಡಿಕೊಂಡು ಬಂದಿರಿ, ಫೋಟೋ ಕಳಿಸಿದಿರಿ, ಸಂತೋಷ. ಅಲ್ಲಿದ್ದಷ್ಟು ದಿನ ನೀವು ಪಾವಣೇರು. ಸ್ನಾನಕ್ಕೆ ನೀರು ಕಾಯಿಸಿದವರು ಯಾರು, ನೀವು ಉಂಡೆದ್ದ ತಾಟು ತೊಳೆದವರು ಯಾರು ಎಂದು ವಿಚಾರಿಸುವ ಗರಜು ಬೀಳಲಿಲ್ಲ. ಈಗ ಸಂಸಾರ ಹೂಡಿರುವುದು ಅಕ್ಕಲಕೋಟೆಯಲ್ಲಿ, ಅದೂ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಸಮುದ್ರದ ದಂಡೆಯ ಊರಿಗೆ ಜನ ಹೇಗೆ ಬರುತ್ತಾರೋ ಇಲ್ಲಿಗೂ ಹಾಗೆಯೇ ಬರುತ್ತಾರೆ. ಈ ಸಲ ಬಾಗಿಲು ತೆಗೆಯುವವರು ನೀವು. ಅದಕ್ಕೇ ಈ ನಾಲ್ಕು ಮಾತು.

ಸ್ವಾಮಿ ಸಮರ್ಥರು ಈ ಊರಿಗೆ ಬಂದು ನೆಲೆಸಿ 1878ರಲ್ಲಿ ಸಮಾಧಿಯಾದರು. ಆವತ್ತಿನಿಂದ ಇದು ಬರೀ ಭೋಸಲೆ ಸಂಸ್ಥಾನದ ಊರಾಗಿ ಉಳಿಯಲಿಲ್ಲ. ಮುಂಬಯಿ, ಪುಣೆ, ನಾಸಿಕದಿಂದ ಬರುವವರು ಪಂಢರಪುರ, ತುಳಜಾಪುರ, ಅಕ್ಕಲಕೋಟೆ, ಗಾಣಗಾಪುರ ಎಂದು ಒಂದೇ ಸುತ್ತು ಹಾಕಿಕೊಂಡು ಬರುತ್ತಾರೆ. ಗುರುವಾರ ಬಂತೆಂದರೆ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಗುರುಪೂರ್ಣಿಮೆ, ದತ್ತ ಜಯಂತಿ, ಚೈತ್ರದ ಪ್ರಕಟ ದಿನ ಬಂದರಂತೂ ಹೇಳುವುದೇ ಬೇಡ. ಈ ಜನಜಾತ್ರೆಯಲ್ಲಿ ನಿಮ್ಮ ಬಂಧುಗಳೂ ಇರುತ್ತಾರೆ. ಸ್ವಾಮಿಯ ದರ್ಶನವೂ ಆಯಿತು, ಹೊಸ ಸೊಸೆಯ ಮನೆ ನೋಡಿದ ಹಾಗೂ ಆಯಿತು ಎಂಬ ಲೆಕ್ಕ ಅವರದು. ಲೆಕ್ಕ ತಪ್ಪಲ್ಲ. ಆದರೆ ಬರುವವರಿಗೆ ಅದು ವರ್ಷಕ್ಕೊಮ್ಮೆ, ನಿಮಗೆ ವಾರವಾರ.

ಮೊದಲ ಮಾತು ಗಂಡನಾದ ತಮ್ಮನಿಗೆ. ಗುರುವಾರ ಬೆಳಗ್ಗೆ ಫೋನು ಬರುತ್ತದೆ, "ನಾವು ಐದು ಮಂದಿ ಹೊಂಟೀವಿ" ಅಂತ. ನೀನು "ಬರ್ರಿ ಬರ್ರಿ, ಮನಿ ನಿಮ್ದೇ" ಎಂದು ದೊಡ್ಡ ಮನಸ್ಸಿನಿಂದ ಹೇಳಿ ಸೊಲ್ಲಾಪುರದ ಬಸ್ಸು ಹತ್ತುತ್ತೀ. ನಲವತ್ತು ಕಿಲೋಮೀಟರ್ ದೂರದ ಟವೆಲ್ ಕಾರ್ಖಾನೆಯ ಲೆಕ್ಕದ ಮೇಜಿನ ಮುಂದೆ ಕೂತು ರಾತ್ರಿ ಮನೆಗೆ ಬರುವಷ್ಟರಲ್ಲಿ ಐದೂ ಮಂದಿ ಉಂಡು, ಮಲಗಿ, ಎದ್ದು, ಚಹಾ ಕುಡಿದು ಗಾಣಗಾಪುರದ ದಾರಿ ಹಿಡಿದಿರುತ್ತಾರೆ. ದೊಡ್ಡ ಮನಸ್ಸು ನಿನ್ನದಾಯಿತು, ರೊಟ್ಟಿ ಬಡಿದ ಕೈ ಹೆಂಡತಿಯದಾಯಿತು. ಈ ಊರಿನ ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರ ನಡುವಿನ ಮುನಿಸು ಹುಟ್ಟುವುದು ಇಲ್ಲೇ. ಅತ್ತೆ ಸೊಸೆಯ ಜಗಳ ಎಂದು ಹೆಸರು ಬರುತ್ತದೆ, ಮೂಲ ನೋಡಿದರೆ ಗಂಡ ಕೇಳದೇ ಒಪ್ಪಿಕೊಂಡ ಪಾವಣೇರು. ಯಾರು ಫೋನು ಮಾಡಿದರೂ "ಆಕೀನ್ನ ಕೇಳಿ ಹೇಳ್ತೀನಿ" ಎನ್ನುವುದನ್ನು ಇವತ್ತೇ ರೂಢಿ ಮಾಡಿಕೋ. ಹೆಂಡತಿಯ ಸೆರಗು ಹಿಡಿದವ ಎಂದು ಒಂದಿಬ್ಬರು ನಗುತ್ತಾರೆ. ನಗಲಿ.

ಎರಡನೆಯದನ್ನು ಇಬ್ಬರೂ ಕೇಳಿ. ಈ ಊರಿನಲ್ಲಿ 1988ರಿಂದ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ನಡೆಯುತ್ತಿದೆ. ದಿನಾ ಸಾವಿರಾರು ಮಂದಿ ಕಾಸು ಕೊಡದೆ ಉಂಡು ಹೋಗುತ್ತಾರೆ. ಕೋಟ್ಯಧೀಶನೂ ಕೂಲಿಯವನೂ ಅದೇ ಪ್ರಸಾದ ಉಣ್ಣುತ್ತಾರೆ, ಯಾರಿಗೂ ಅದು ಕಮೀಪಣ ಅನಿಸುವುದಿಲ್ಲ. ಹಾಗಿರುವಾಗ ನಿಮ್ಮ ಮಾವನ ಮಗನಿಗೆ ಅಲ್ಲಿ ಊಟ ಮಾಡಿ ಬಾ ಎಂದರೆ ಯಾವ ಮಾನ ಹೋಗುತ್ತದೆ? ಬಂದವರನ್ನು ಮನೆಯಲ್ಲಿ ಕೂಡಿಸಿ ನೀರು, ಬೆಲ್ಲ, ಚಹಾ ಕೊಡಿ, ಮಾತಾಡಿ. ಮಧ್ಯಾಹ್ನ ನೀವೇ ಜೊತೆಗೆ ಹೋಗಿ ಮಹಾಪ್ರಸಾದ ಮಾಡಿಸಿಕೊಂಡು ಬನ್ನಿ. ರಾತ್ರಿ ಉಳಿಯುವವರಿದ್ದರೆ ಯಾತ್ರಿ ನಿವಾಸ, ಭಕ್ತ ನಿವಾಸ ಇವೆ. ಎರಡು ಖೋಲಿಯ ಮನೆಯಲ್ಲಿ ಐದು ಮಂದಿ ಮಲಗಿದರೆ ಹೊಸ ಜೋಡಿ ಎಲ್ಲಿ ಮಲಗಬೇಕು ಎಂಬುದನ್ನು ಹಿರಿಯರಾದವರು ತಾವೇ ಯೋಚಿಸಬೇಕು. ಯೋಚಿಸದಿದ್ದರೆ ನೀವು ಹೇಳಬೇಕು.

ಹಾಗಂತ ಎಲ್ಲರನ್ನೂ ಅನ್ನಛತ್ರಕ್ಕೆ ಅಟ್ಟಿ ಎನ್ನುತ್ತಿಲ್ಲ. ಅವಳ ತಾಯಿ ತಂದೆ ಗಡಿಯಾಚೆಯ ಇಂಡಿಯಿಂದ ಬಂದಾಗ ಮನೆಯಲ್ಲೇ ಒಲೆ ಹೊತ್ತಬೇಕು. ಅದಕ್ಕೂ ನಮ್ಮ ಕಡೆಯ ಹೆಂಗಸರು ಹಿಂದೆಯೇ ದಾರಿ ಮಾಡಿಟ್ಟಿದ್ದಾರೆ. ರಜೆಯ ದಿನ ಇಬ್ಬರೂ ಕೂತು ಜೋಳದ ರೊಟ್ಟಿ ಬಡಿದು ಖಟಕ ಮಾಡಿಡಿ. ಹಿಟ್ಟಿಗೆ ಸುಡುನೀರು ಹಾಕಿ ಚೆನ್ನಾಗಿ ನಾದಬೇಕು, ಬಡಿಯುವಾಗ ಅಂಚು ತೆಳ್ಳಗಾಗಬೇಕು, ಹೆಂಚಿನ ಮೇಲೆ ಹಾಕಿದೊಡನೆ ಬಟ್ಟೆಯಲ್ಲಿ ನೀರು ಸವರಬೇಕು, ಸವರಿದ ನೀರು ಆರುವ ಮೊದಲು ಮಗುಚಬಾರದು. ಸುಟ್ಟಾದ ಮೇಲೆ ಒಲೆಯ ಪಕ್ಕ ಆನಿಸಿ ನಿಲ್ಲಿಸಿದರೆ ಗರಿಗರಿಯಾಗುತ್ತದೆ. ಬಿಳಿ ಬಟ್ಟೆ ಸುತ್ತಿ ಡಬ್ಬಿಗೆ ಹಾಕಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೋಳ ಮಂಗಳವೇಢೆಯ ಮಾಲದಂಡಿ ಸಿಕ್ಕರೆ ಮತ್ತೊಂದರ ಕಡೆ ನೋಡಬೇಡಿ. ಜೊತೆಗೆ ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಯಾರು ಯಾವ ಹೊತ್ತಿಗೆ ಬಂದರೂ ಊಟ ಸಿದ್ಧ. ತಮ್ಮಾ, ರೊಟ್ಟಿ ನಿನಗೆ ಬಡಿಯಲು ಬರುವುದಿಲ್ಲ ಎಂದು ಗೊತ್ತು. ನೀರು ಸವರಲು, ಮಗುಚಲು ಬರುತ್ತದೆ. ಅಲ್ಲಿಂದ ಶುರು ಮಾಡು.

ಸಂಕ್ರಾಂತಿಗೆ ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಇಬ್ಬರೂ ಹೋಗಿ ಬನ್ನಿ. ಹನ್ನೆರಡನೇ ಶತಮಾನದ ಶಿವಯೋಗಿ ಸಿದ್ಧರಾಮರ ಯೋಗದಂಡಕ್ಕೂ ಕುಂಬಾರರ ಕನ್ಯೆಗೂ ಆದ ಮದುವೆಯನ್ನು ಆ ಊರು ಪ್ರತಿ ವರ್ಷ ಹೊಸದಾಗಿ ಮಾಡುತ್ತದೆ. ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ, ಆಮೇಲೆ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ಲಕ್ಷಗಟ್ಟಲೆ ಜನ ಒಂದೇ ಸಲಕ್ಕೆ ಕೈಯೆತ್ತಿ ಅಕ್ಕಿ ಎಸೆಯುತ್ತಾರೆ. ಹೊಸದಾಗಿ ಮದುವೆಯಾದವರು ಅಲ್ಲಿ ನಿಂತು ಬರುವುದು ಚಂದ. ಅಲ್ಲಿ ನೀವು ನೋಡಬೇಕಾದದ್ದು ಇನ್ನೊಂದಿದೆ. ಜಾತ್ರೆಯ ಮೆರವಣಿಗೆಯಲ್ಲಿ ಬರುವ ಏಳು ನಂದಿಕೋಲುಗಳು ಎತ್ತರಕ್ಕೆ ಎತ್ತರ, ಭಾರಕ್ಕೆ ಭಾರ. ಮೆರವಣಿಗೆಯ ಉದ್ದಕ್ಕೂ ಒಬ್ಬನೇ ಹೊರುವುದಿಲ್ಲ. ಒಬ್ಬ ಹೊತ್ತು ಸುಸ್ತಾಗುವ ಮೊದಲೇ ಪಕ್ಕದವನು ಸೊಂಟ ಕೊಟ್ಟು ನಿಂತಿರುತ್ತಾನೆ. ಕೋಲು ನೆಲಕ್ಕೆ ತಾಗದೆ ಕೈ ಬದಲಾಗುತ್ತದೆ. ಮನೆಗೆಲಸವೂ ಹಾಗೆ ಕೈ ಬದಲಾಗಬೇಕು. ಸುಸ್ತಾಗಿ ಬಿದ್ದ ಮೇಲೆ "ಹೇಳಬಾರದಿತ್ತಾ" ಎನ್ನುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ.

ನೀರಿನ ಮಾತು ಹೇಳದೆ ಈ ಜಿಲ್ಲೆಯ ಸಂಸಾರದ ಮಾತು ಮುಗಿಯುವುದಿಲ್ಲ. ಉಜನಿಯಂಥ ದೊಡ್ಡ ಅಣೆಕಟ್ಟು ನಮ್ಮದೇ ಜಿಲ್ಲೆಯಲ್ಲಿದ್ದರೂ ಸೊಲ್ಲಾಪುರದ ಓಣಿಗಳಲ್ಲಿ ಕೆಲವು ದಿನಕ್ಕೊಮ್ಮೆ ನಳ ಬಂದರೆ ಪುಣ್ಯ. ಮುಂದೆ ಬಾಡಿಗೆ ಮನೆ ಸೊಲ್ಲಾಪುರದಲ್ಲಿ ಹುಡುಕುವ ವಿಚಾರವಿದ್ದರೆ ಮೊದಲು ಮನೆಯ ಟಾಕಿ ನೋಡಿ, ಆಮೇಲೆ ಹಾಲ್, ಬಾಲ್ಕನಿ ನೋಡಿ. ನಳ ಯಾವ ಹೊತ್ತಿಗೆ ಬರುತ್ತದೆ ಎಂದು ಮಾಲೀಕನನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ. ರಾತ್ರಿ ಎರಡಕ್ಕೆ ನೀರು ಬಂದರೆ ಏಳುವವರು ಯಾರು ಎಂಬುದನ್ನು ಮುಂಚೆಯೇ ತೀರ್ಮಾನಿಸಿಕೊಳ್ಳಿ. ಒಂದು ಸಲ ಅವನು, ಒಂದು ಸಲ ಅವಳು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ, ಟಾಕಿಯ ತಳ ಕಂಡಾಗ, ಅದೇ ದಿನ ಪಾವಣೇರು ಬಂದಾಗ ಯಾರ ಬಾಯಿಂದಲಾದರೂ ಬಿರುಸು ಮಾತು ಬರುತ್ತದೆ. ಅಂಥ ಮಾತನ್ನು ಮಳೆಗಾಲದವರೆಗೆ ನೆನಪಿಟ್ಟುಕೊಳ್ಳಬೇಡಿ.

ಇನ್ನು ಕಾಗದಪತ್ರ. ಬೇಜಾರಿನ ವಿಷಯ, ಆದರೆ ಗಡಿ ದಾಟಿ ಮದುವೆಯಾದವರಿಗೆ ಇದರಷ್ಟು ಅಗತ್ಯದ್ದು ಬೇರೆ ಇಲ್ಲ. ಮಗಳೇ, ಮದುವೆ ನೋಂದಣಿ ಆಗಲಿ. ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ ದಾಖಲೆ ಇಲ್ಲದೆ ಇಲ್ಲಿನ ಕಾರ್ಡಿಗೆ ಸೇರಿಸುವುದಿಲ್ಲ. ಆಧಾರಿನಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ದಾಖಲೆಯಲ್ಲಿ ಹೆಸರು ಒಂದೇ ಥರ ಇರಲಿ. ಇಲ್ಲಿನವರು ನಡುವೆ ಗಂಡನ ಹೆಸರು ಸೇರಿಸುತ್ತಾರೆ, ನಿನಗೆ ಬೇಕೋ ಬೇಡವೋ ನೀನೇ ನಿರ್ಧರಿಸು, ಆದರೆ ಒಂದೇ ಸಲ ನಿರ್ಧರಿಸು. ಹೊರ ರಾಜ್ಯದಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವಳಿಗೆ ಗಂಡನ ದಾಖಲೆ ನಡೆಯುತ್ತದೆ ಎಂದು 2024ರಲ್ಲಿ ಶುರುವಾದ ಲಾಡಕೀ ಬಹೀಣ ಯೋಜನೆಯ ನಿಯಮದಲ್ಲೇ ಇತ್ತು. ಹಾಗಾಗಿ ಪರದೇಶಿಯಂತೆ ಕಚೇರಿಯ ಮೂಲೆಯಲ್ಲಿ ನಿಲ್ಲಬೇಡ, ಕೇಳು. ಕರ್ನಾಟಕದ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಎಂಬುದು ಆ ರಾಜ್ಯದೊಳಗಿನ ಮಾತು, ಇಲ್ಲಿನ ಎಸ್.ಟಿ.ಯಲ್ಲಿ 2023ರ ಮಾರ್ಚಿನಿಂದ ಅರ್ಧ ಟಿಕೆಟ್. ಗಡಿಯ ಗದ್ದಲ ಎದ್ದಾಗ ಎರಡು ರಾಜ್ಯಗಳ ನಡುವಿನ ಬಸ್ಸೂ ನಿಲ್ಲುತ್ತದೆ. 2022ರ ಡಿಸೆಂಬರಿನಲ್ಲಿ ನಿಂತಿತ್ತು, 2025ರ ಫೆಬ್ರುವರಿಯಲ್ಲಿ ಮತ್ತೆ ನಿಂತಿತು. ತವರಿಗೆ ಹೋಗಲೇಬೇಕಾದರೆ ಹೋಟಗಿಯಿಂದ ಇಂಡಿ ರೋಡಿಗೆ ರೈಲು ಇದೆ ಎಂಬುದು ತಲೆಯಲ್ಲಿರಲಿ. ಅಕ್ಕಲಕೋಟೆ ಯಾವ ರಾಜ್ಯಕ್ಕೆ ಸೇರಬೇಕಿತ್ತು, ಮಹಾಜನ ವರದಿ ಏನು ಹೇಳಿತು ಎಂಬ ಚರ್ಚೆಯನ್ನು ಬೀಗರು ಊಟಕ್ಕೆ ಕೂತಾಗ ಎತ್ತಬೇಡಿ. ಸುಪ್ರೀಂ ಕೋರ್ಟಿನಲ್ಲಿ 2004ರಿಂದ ಕೂತಿರುವ ಗಡಿ ಖಟ್ಲೆ ನಿಮ್ಮ ಪಡಸಾಲೆಯಲ್ಲಿ ಇತ್ಯರ್ಥವಾಗುವುದಿಲ್ಲ.

ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸೊಲ್ಲಾಪುರದ ನೇಕಾರರ ಪೇಟೆಗೆ ಹೋದರೆ ತೆಲುಗು. ನಮ್ಮವರಿಗೆ ಇದು ಅಭ್ಯಾಸ. ಆದರೆ ತಮ್ಮ ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಅವಳಿಗೆ ಓದು ಬರಹ ಎಲ್ಲ ಕನ್ನಡದಲ್ಲೇ, ಬ್ಯಾಂಕಿನ ಮರಾಠಿ ಅರ್ಜಿ ಕಂಡರೆ ಕೈ ನಡುಗುತ್ತದೆ. ಒಬ್ಬರಿಗೊಬ್ಬರು ಮೇಷ್ಟ್ರಾಗಿ. ಜಯದೇವಿತಾಯಿ ಲಿಗಾಡೆಯವರು ಸೊಲ್ಲಾಪುರದವರೇ. ಶಾಲೆಯಲ್ಲಿ ಕಲಿತದ್ದು ಮರಾಠಿ, ಕನ್ನಡವನ್ನು ತಾವಾಗಿ ಕಲಿತರು, ಕಲಿತು ಸಿದ್ಧರಾಮರ ಮೇಲೆ ಪುರಾಣ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಅವರಿಗಿಂತ ಮೊದಲು ಹೆಂಗಸು ಕೂತಿರಲಿಲ್ಲ. ಸೊಲ್ಲಾಪುರದ ಇನ್ನೊಬ್ಬ, ಡಾಕ್ಟರ್ ದ್ವಾರಕಾನಾಥ ಕೋಟಣೀಸ, 1938ರಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಲು ಚೀನಕ್ಕೆ ಹೋಗಿ ಅಲ್ಲಿಯ ಭಾಷೆ ಕಲಿತು, ಅಲ್ಲಿಯ ನರ್ಸ್ ಗುವೊ ಚಿಂಗ್ಲಾನ್ ಅವರನ್ನು ಮದುವೆಯಾದರು. ಅವರ ಸಂಸಾರ ಒಂದು ವರ್ಷದಷ್ಟೇ ನಡೆಯಿತು, 1942ರಲ್ಲಿ ತೀರಿಕೊಂಡರು. ಅಷ್ಟು ದೂರದ ಭಾಷೆ ಕಲಿತವರ ಜಿಲ್ಲೆಯವನು ನೀನು, ತಮ್ಮಾ. ದಿನಕ್ಕೆ ಅರ್ಧ ತಾಸು ಹೆಂಡತಿಯ ಮುಂದೆ ಅ ಆ ಇ ಈ ತಿದ್ದಲು ನಾಚಿಕೆ ಏಕೆ?

ಅವಳು ಕೆಲಸಕ್ಕೆ ಹೋಗುವ ವಿಷಯದಲ್ಲಿ ಚರ್ಚೆಗೆ ಏನೂ ಇಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಸಾವಿರಾರು ಹೆಂಗಸರ ಜಿಲ್ಲೆ ಇದು. ಹೋಗಲಿ.

ದರ್ಶನದ ವಿಷಯ ಒಂದು ಉಳಿಯಿತು. ಯಾತ್ರೆಯ ಊರಿನವರು ಗುಡಿಗೆ ಹೋಗುವುದು ಬಂದವರನ್ನು ಕರೆದುಕೊಂಡು ಹೋಗುವಾಗ ಮಾತ್ರ. ಸಮುದ್ರದ ದಂಡೆಯವರೂ ಹಾಗಂತೆ, ನೆಂಟರು ಬಂದರಷ್ಟೇ ನೀರಿಗೆ ಕಾಲು ಹಾಕುತ್ತಾರೆ. ನೀವು ಹಾಗೆ ಮಾಡಬೇಡಿ. ಮಂಗಳವಾರವೋ ಬುಧವಾರವೋ, ಪಾಳಿ ಇಲ್ಲದ ದಿನ, ನಸುಕಿನಲ್ಲಿ ಇಬ್ಬರೇ ಹೋಗಿ ಬನ್ನಿ. ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಎಂದು ತಮ್ಮ ಹೇಳುತ್ತಾನೆ. ಪರವಾಗಿಲ್ಲ, ಆಲದ ಮರದ ನೆರಳಿಗೆ ನಂಬಿಕೆ ಬೇಕಿಲ್ಲ. ಬರುವಾಗ ಎಸ್.ಟಿ. ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯಿರಿ. ಆ ದಿನ ಮನೆಗೆ ಯಾರನ್ನೂ ಕರೆಯಬೇಡಿ, ನನ್ನನ್ನೂ ಸೇರಿಸಿ.

ಮುಂದಿನ ಗುರುವಾರ ನಿಮ್ಮ ಕಾಕಾ ಮತ್ತು ನಾನು ಅಕ್ಕಲಕೋಟೆಗೆ ಬರುವವರಿದ್ದೇವೆ. ಊಟ ಅನ್ನಛತ್ರದಲ್ಲಿ ಮಾಡುತ್ತೇವೆ, ರಾತ್ರಿಯ ಬಸ್ಸಿಗೆ ವಾಪಸು ಹೋಗುತ್ತೇವೆ. ಸಂಜೆ ಐದಕ್ಕೆ ನಿಮ್ಮಲ್ಲಿ ಒಂದೊಂದು ಕಪ್ ಚಹಾ ಸಾಕು. ಆ ಹೊತ್ತಿಗೆ ತಮ್ಮ ಅರ್ಧ ದಿನದ ರಜೆ ಹಾಕಿ ಮನೆಯಲ್ಲಿರಲಿ. ಚಹಾ ಅವನೇ ಮಾಡಲಿ.