ಮಕ್ಕಳ ಸ್ವಭಾವವೂ ಮನೆಯವರ ಮಾತೂ



ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಾಕಿದ ತೊಗರಿ ಮೊದಮೊದಲು ನಿಧಾನವಾಗಿ ಬೆಳೆಯುತ್ತದೆ. ರಾಗಿಯೊಡನೆ ಮೇಲೇಳಲಿಲ್ಲವೆಂದು ನೀವು ಅದನ್ನು ಕಿತ್ತೆಸೆಯುವುದಿಲ್ಲ. ಅದರ ಗುಣವೇ ಹಾಗೆಂದು ಬಲ್ಲಿರಿ. ಇದೇ ತಾಳ್ಮೆಯನ್ನು ಮಕ್ಕಳ ವಿಷಯದಲ್ಲಿಯೂ ತೋರುತ್ತೇವೆಯೇ?

ಒಂದೇ ಮನೆಯಲ್ಲಿ ಒಂದು ಮಗು ನೆಂಟರು ಬಂದೊಡನೆ ತೊಡೆಯೇರುತ್ತದೆ. ಇನ್ನೊಂದು ಬಾಗಿಲ ಮರೆಗೆ ಸರಿಯುತ್ತದೆ. ಇದು ಯಾರ ತಪ್ಪೂ ಅಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ಎಂಬ ವೈದ್ಯ ದಂಪತಿಗಳು 1956ರಲ್ಲಿ ಆರಂಭಿಸಿ, ಅನೇಕ ಮಕ್ಕಳನ್ನು ಎಳೆತನದಿಂದ ಹಲವು ವರ್ಷ ಗಮನಿಸಿದರು. ಕೆಲವು ಮಕ್ಕಳು ಸುಲಭವಾಗಿ ಹೊಂದಿಕೊಳ್ಳುತ್ತವೆ, ಕೆಲವು ಬಹಳ ಹಟ ಮಾಡುತ್ತವೆ, ಕೆಲವು ಹೊಸದಕ್ಕೆ ನಿಧಾನವಾಗಿ ಒಗ್ಗುತ್ತವೆ ಎಂದು ಕಂಡರು. ಆದರೆ ಮಗುವಿನ ಮುಂದಿನ ಬಾಳು ಹುಟ್ಟುಗುಣ ಒಂದರಿಂದಲೇ ಆಗುವುದಿಲ್ಲ. ಆ ಗುಣಕ್ಕೆ ಮನೆಯವರ ನಡವಳಿಕೆ ಹೊಂದುವುದೂ ಮುಖ್ಯವೆಂದು ತಿಳಿಸಿದರು.

‘ನಾನು’ ಎಂಬ ಅರಿವು ಮಗುವಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಮಗುವಿಗೆ ತಿಳಿಯದಂತೆ ಅದರ ಮೂಗಿಗೆ ಕೆಂಪು ಬೊಟ್ಟಿಟ್ಟು ಕನ್ನಡಿಯ ಮುಂದೆ ಕೂರಿಸಿ ನೋಡಿರಿ. ವರ್ಷದೊಳಗಿನ ಕೂಸು ಕನ್ನಡಿಯೊಳಗಿರುವುದು ಬೇರೆ ಕೂಸೆಂಬಂತೆ ನಗುತ್ತದೆ. ಒಂದೂವರೆಯಿಂದ ಎರಡು ವರ್ಷದೊಳಗೆ ಹೆಚ್ಚಿನ ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತವೆ. ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ ಎಂಬಾಕೆ 1972ರಲ್ಲಿ ಈ ಪರೀಕ್ಷೆಯ ಫಲವನ್ನು ಪ್ರಕಟಿಸಿದರು.

ಮುಖವನ್ನು ಗಾಜಿನ ಕನ್ನಡಿ ತೋರಿಸೀತು. ‘ನಾನು ಎಂಥವನು’ ಎಂಬುದನ್ನು ತೋರಿಸುವ ಕನ್ನಡಿ ಮನೆಯವರ ಮಾತು. ‘ದಡ್ಡ’, ‘ಪುಕ್ಕಲಿ’, ‘ಕೈಲಾಗದವನು’ ಎಂದು ದಿನವೂ ಕೇಳಿದ ಮಗು ಅದನ್ನೇ ನಿಜವೆಂದು ನಂಬುತ್ತದೆ. ನಂಬಿದ ಮೇಲೆ ಪ್ರಯತ್ನವನ್ನೇ ಬಿಡುತ್ತದೆ. ನಷ್ಟವಾಗುವುದು ಇಲ್ಲಿಯೇ.

ಬರಿಯ ಹೊಗಳಿಕೆಯೂ ಸಾಲದು. 1998ರಲ್ಲಿ ಮ್ಯೂಲರ್ ಮತ್ತು ಡ್ವೆಕ್ ಎಂಬ ವಿದ್ವಾಂಸರು ಶಾಲಾಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ‘ನೀನು ಜಾಣ’ ಎನಿಸಿಕೊಂಡ ಮಕ್ಕಳು ಕಠಿಣ ಸಮಸ್ಯೆ ಎದುರಾದಾಗ ಬೇಗ ಉತ್ಸಾಹಗುಂದಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎನಿಸಿಕೊಂಡವರು ಹೆಚ್ಚು ಪಟ್ಟು ಹಿಡಿದರು.

ಆದುದರಿಂದ ಈ ಮೂರು ಮಾತುಗಳನ್ನು ನೆನಪಿಡಿರಿ:

1. ತಪ್ಪಾದಾಗ ಕೆಲಸವನ್ನು ತಿದ್ದಿರಿ. ಮಗುವಿಗೆ ಅಡ್ಡಹೆಸರು ಇಡಬೇಡಿರಿ. ‘ಗೊಂತಿಗೆ ಹುಲ್ಲು ಹಾಕಲು ಮರೆತೆ, ಈಗ ಹಾಕು’ ಎಂದರೆ ಸಾಕು. ‘ಸೋಮಾರಿ’ ಎನ್ನಬೇಕಾಗಿಲ್ಲ.

2. ಅಣ್ಣನೊಡನೆ ತಂಗಿಯನ್ನು, ಪಕ್ಕದ ಮನೆಯ ಮಗುವಿನೊಡನೆ ನಿಮ್ಮ ಮಗುವನ್ನು ಹೋಲಿಸಬೇಡಿರಿ.

3. ನಾಚುವ ಮಗುವನ್ನು ಹತ್ತು ಜನರ ಮುಂದೆ ತಳ್ಳಬೇಡಿರಿ. ಸಂತೆಗೂ ಜಾತ್ರೆಗೂ ಜೊತೆಯಲ್ಲಿ ಕರೆದೊಯ್ದು ಮೆಲ್ಲಗೆ ರೂಢಿ ಮಾಡಿಸಿರಿ.

ಇದಕ್ಕೆ ಕಾಸು ಖರ್ಚಿಲ್ಲ. ಇಂದು ಸಂಜೆ ಹೊಲದಿಂದ ಬಂದಾಗ ಮಗುವನ್ನು ಅದರ ಹೆಸರು ಹಿಡಿದೇ ಕರೆಯಿರಿ. ಆ ದಿನ ಅದು ಮಾಡಿದ ಒಂದು ಕೆಲಸವನ್ನು ಕೇಳಿ, ಮೆಚ್ಚಿ ಮಾತನಾಡಿರಿ.