ಹೈಡ್ರೇಂಜಿಯಾ: ಬಣ್ಣ ಮಣ್ಣಿನದು, ಹೂವು ಹಳೆ ಕಡ್ಡಿಯದು

ಕೊಡಗಿನ ತೋಟದ ಮನೆಗಳ ಮುಂದೆ ನೀಲಿ ಗೊಂಚಲು ಬಿಡುವ ಹೈಡ್ರೇಂಜಿಯಾವನ್ನು ಬೆಂಗಳೂರಿನ ಮನೆಯಂಗಳಕ್ಕೆ ತಂದು ನೆಟ್ಟರೆ, ಹೂವು ಗುಲಾಬಿ ಬಣ್ಣಕ್ಕೆ ತಿರುಗುವುದುಂಟು. ನರ್ಸರಿಯವರು ಬೇರೆ ತಳಿ ಕೊಟ್ಟರೆಂದು ದೂರಬೇಡಿ. ಗಿಡ ಅದೇ, ಮಣ್ಣು ಮತ್ತು ನೀರು ಬೇರೆ.

ಜಪಾನ್ ಮೂಲದ ಈ ಪೊದೆಗಿಡ ಅಲ್ಯೂಮಿನಿಯಂ ಹೀರಿಕೊಂಡರೆ ಹೂವು ನೀಲಿಯಾಗುತ್ತದೆ. ರಸಸಾರ 5.5ಕ್ಕಿಂತ ಕಡಿಮೆಯಿರುವ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. 6.5 ದಾಟಿದರೆ ಮಣ್ಣಿನಲ್ಲಿದ್ದೂ ಗಿಡಕ್ಕೆ ದಕ್ಕುವುದಿಲ್ಲ. ಗಡಸು ಬೋರ್‌ವೆಲ್ ನೀರು ವರ್ಷಗಟ್ಟಲೆ ಹಾಯಿಸಿದರೂ ರಸಸಾರ ಏರುತ್ತದೆ. ನೀಲಿಯೇ ಬೇಕೆನ್ನುವವರು ಮಳೆನೀರು ಹಿಡಿದಿಟ್ಟು ಕೊಡಿ. ಮೊಗ್ಗು ಕಾಣುವ ಮೊದಲೇ, ಲೀಟರ್ ನೀರಿಗೆ 3–4 ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಒದ್ದೆಯಿರುವ ಬುಡಕ್ಕೆ ಹಾಕಿ. ಹೆಚ್ಚಾದರೆ ಬೇರು ಸುಡುತ್ತದೆ. ಮೂಳೆಪುಡಿ, ಸೂಪರ್ ಫಾಸ್ಫೇಟ್ ಬೇಡ, ರಂಜಕವು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ಬಿಳಿ ತಳಿಗಳಿಗೆ ಈ ಉಪಚಾರದಿಂದ ಬಣ್ಣ ಬಾರದು.

ಗಿಡ ಸೊಂಪಾಗಿದ್ದೂ ಹೂವಿಲ್ಲ ಎನ್ನುವವರು ಮೊದಲು ಕತ್ತರಿ ಆಡಿಸಿದ ಕಾಲವನ್ನು ನೆನಪಿಸಿಕೊಳ್ಳಿ. ಸಾಮಾನ್ಯ ದೊಡ್ಡೆಲೆ ತಳಿ ಹೂವು ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ. ಚಳಿಗಾಲದಲ್ಲಿ ಬೇಲಿ ಸವರಿದ ಹಾಗೆ ತಲೆ ಸವರಿದರೆ ಮುಂದಿನ ಹೂವೆಲ್ಲ ಕತ್ತರಿಗೇ ಹೋಯಿತು. ಬಾಡಿದ ಗೊಂಚಲ ಕೆಳಗೆ ಕಡ್ಡಿ ಹಿಡಿದು ನೋಡಿ: ಎಲೆತೊಟ್ಟಿನ ಬುಡದಲ್ಲಿ ಎದುರುಬದುರಾಗಿ ಎರಡು ಮೊಗ್ಗು ಉಬ್ಬಿರುತ್ತವೆ. ಹೂವು ಮುಗಿದ ಕೂಡಲೇ, ಆ ಜೋಡಿಯ ತುಸು ಮೇಲಕ್ಕೆ ಕತ್ತರಿಸಿದರೆ ಸಾಕು. ಮುದಿಯಾಗಿ ಬಡಕಲಾದ ಒಂದೆರಡು ಕಡ್ಡಿಗಳನ್ನು ಮಾತ್ರ ಬುಡಕ್ಕೆ ತೆಗೆಯಿರಿ.

ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಬುಡಕ್ಕೆ ತರಗೆಲೆಯ ಮುಚ್ಚಿಗೆ ಇರಲಿ. ಉರಿಬಿಸಿಲಿಗೆ ಎಲೆ ಜೋತುಬಿದ್ದ ಮಾತ್ರಕ್ಕೆ ಕೊಡ ಎತ್ತಬೇಡಿ, ಬೆರಳು ಮಣ್ಣಿಗಿಳಿಸಿ ನೋಡಿ. ತೇವವಿದ್ದರೆ ಗಿಡ ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ.

ಹೊಸ ಗಿಡಕ್ಕೆ ಮಳೆಗಾಲವೇ ಒಳ್ಳೆಯದು. ಹೂವಿಲ್ಲದ, ಅರೆಬಲಿತ 10–15 ಸೆಂ.ಮೀ. ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು, ಮೇಲಿನವನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ನೆರಳಲ್ಲಿ ಊರಿ.

ಸವರಿದ ಸೊಪ್ಪನ್ನು ದನಕರು, ಆಡುಗಳ ಮುಂದೆ ಹಾಕಲೇಬೇಡಿ. ಎಲೆ, ಮೊಗ್ಗುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಕೊಟ್ಟಿಗೆಯಿಂದ ದೂರದಲ್ಲಿ ಗುಂಡಿ ತೋಡಿ ಮುಚ್ಚಿಬಿಡಿ.